ಧಾರವಾಡದ ಹುಡುಗ, ಶೃಂಗೇರಿಯ ಮಕ್ಕಳು ಮತ್ತು ಕುಕ್ಕುಂದೂರಿನ ನನ್ನ ಮಗಳು

ಸ್ವಲ್ಪ ಉದ್ದ ಆಗಿದೆ, ಪುರುಸೊತ್ತಿದ್ದಾಗ ಓದಿ.

ನಾವು ಮನೆ ಬದಲಾಯಿಸಿ ಒಂದು ತಿಂಗಳಾಯಿತು. ಊರಿನ ಕಾಲನಿ ಬಿಟ್ಟು ಕುಕ್ಕುಂದೂರಿಗೆ ಬಂದಿದ್ದೇವೆ, ಜೋಡುರಸ್ತೆಯಿಂದ ಸ್ವಲ್ಪ ಒಳಗೆ ಬಾಡಿಗೆ ಮನೆ. (ಮನೆ ಹುಡುಕಿದ ಕತೆ ಬೇರೆಯೇ ಉಂಟು. ಫೋನಿನಲ್ಲಿ ಖಾಲಿ ಇದ್ದ ಮನೆ ನಾನು ಹೋಗಿ ನಿಂತ ಕೂಡಲೇ ಭರ್ತಿಯಾದ ಕತೆ. ಅದನ್ನು ಇನ್ನೊಮ್ಮೆ ಬರೀತೇನೆ.) ನನ್ನ ಆಫೀಸು ಕಾರ್ಕಳ ಪೇಟೆಯಲ್ಲಿ, ಇಲ್ಲಿಂದ ಹತ್ತಿರ. ಕುಕ್ಕುಂದೂರು ಈಗ ಹಳ್ಳಿಯೂ ಅಲ್ಲ, ಪೇಟೆಯೂ ಅಲ್ಲ. ಬೋರ್ಡು ಗ್ರಾಮ ಪಂಚಾಯತಿನದ್ದು, ಬಾಡಿಗೆ ಪೇಟೆಯದ್ದು. ಶಾಲೆ ಶುರುವಾದ ಮೇಲೆ ಬೆಳಿಗ್ಗೆ ಎಂಟು ಗಂಟೆಗೆ ರಸ್ತೆಬದಿ ನಿಂತು ನೋಡಿ, ಹಳದಿ ಬಸ್ಸುಗಳು ಒಂದರ ಹಿಂದೆ ಒಂದು. ಟೈ ಕಟ್ಟಿದ ಮಕ್ಕಳು ನಿದ್ದೆಗಣ್ಣಲ್ಲಿ ಹತ್ತುತ್ತಾರೆ.

ಮಗಳು ಈ ಜೂನಿಗೆ ಒಂದನೇ ಕ್ಲಾಸು. ಸಾಮಾನು ಇಳಿಸಿ ಮುಗಿಯುವ ಮೊದಲೇ ಮೂರು ಜನ ಕೇಳಿದರು, "ಮಗಳನ್ನು ಎಲ್ಲಿಗೆ ಹಾಕ್ತೀರಿ?" ಯಾವ ಇಂಗ್ಲಿಷ್ ಮೀಡಿಯಂ ಶಾಲೆಗೆ ಅಂತ ಆ ಪ್ರಶ್ನೆಯ ಅರ್ಥ. ನಾನು "ಇಲ್ಲೇ ಸರಕಾರಿ ಶಾಲೆ ಉಂಟಲ್ಲ" ಅಂದೆ. ಪಕ್ಕದ ಮನೆಯ ಅಕ್ಕ ಒಂದು ನಿಮಿಷ ಸುಮ್ಮನಿದ್ದು, "ಅದು ಪಾಪದವರ ಶಾಲೆ ಅಲ್ವಾ ಅಣ್ಣಾ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಸರಕಾರಿ ಶಾಲೆ ಪಾಪದವರ ಶಾಲೆ ಆದದ್ದು ಯಾವಾಗಿನಿಂದ? ನಮ್ಮ ಅಜ್ಜಂದಿರ ಕಾಲದಲ್ಲಿ ಅದು ನಮ್ಮನ್ನು ಒಳಗೆ ಬಿಡದ ಶಾಲೆ ಆಗಿತ್ತಲ್ಲ?

ಇಲ್ಲಿಂದ ಸ್ವಲ್ಪ ಹಿಂದೆ ಹೋಗಬೇಕು. 1856ಕ್ಕೆ, ಧಾರವಾಡಕ್ಕೆ. ಆಗ ಅದು ಬೊಂಬಾಯಿ ಪ್ರಾಂತ್ಯದಲ್ಲಿತ್ತು.

ಆ ವರ್ಷದ ಜೂನ್ ತಿಂಗಳಲ್ಲಿ ಧಾರವಾಡದ ಒಬ್ಬ ಹುಡುಗ ಬೊಂಬಾಯಿ ಸರಕಾರಕ್ಕೆ ಅರ್ಜಿ ಹಾಕಿದ. ಎಲ್ಲರೂ ಕೊಡುವ ಫೀಸು ತಾನೂ ಕೊಡಲು ತಯಾರಿದ್ದೇನೆ, ಆದರೂ ಸರಕಾರಿ ಶಾಲೆಗೆ ಸೇರಿಸಿಕೊಂಡಿಲ್ಲ ಎಂದು. ದಾಖಲೆಯಲ್ಲಿ ಅವನು ಬರೇ "ಮಹಾರ್ ಹುಡುಗ". ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಶಿಕ್ಷಣದ ಬಗ್ಗೆ ಕೊಟ್ಟ ಹೇಳಿಕೆಯಲ್ಲಿ ಈ ಹುಡುಗನ ಕೇಸನ್ನು ಎತ್ತಿ ಇಟ್ಟಿದ್ದಾರೆ. ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಕಡತ ನೋಡುವುದೇ ಕೆಲಸ. ಆ ಕಡತದ ಉತ್ತರ ಓದಿದಾಗ ಯಾವುದೋ ಹಳೆ ಪರಿಚಯದವರ ಅಕ್ಷರ ನೋಡಿದ ಹಾಗಾಯಿತು. ನ್ಯಾಯ ಹುಡುಗನ ಕಡೆಗೇ ಉಂಟು ಎಂದು ಸರಕಾರ ಒಪ್ಪಿಕೊಂಡಿತು. ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರು ಎದ್ದು ಹೋಗಿ ಶಾಲೆಯೇ ಬಹುಜನರಿಗೆ ಉಪಯೋಗಕ್ಕೆ ಬಾರದ ಹಾಗೆ ಆಗಬಹುದು, ಆದ್ದರಿಂದ ಸಾಧ್ಯವಿಲ್ಲ. ಇಷ್ಟೇ. ನಿಮ್ಮ ಬೇಡಿಕೆ ಸರಿ, ಅರ್ಜಿ ತಿರಸ್ಕೃತ. ಇವತ್ತೂ ನಮ್ಮ ಟೇಬಲ್ಲುಗಳ ಮೇಲೆ ಇದೇ ನಮೂನೆಯ ಉತ್ತರ ಟೈಪ್ ಆಗುತ್ತದೆ.

ಕೇಸು ಕಲ್ಕತ್ತಕ್ಕೂ ಹೋಯಿತು. 1857ರ ಜನವರಿಯಲ್ಲಿ ಭಾರತ ಸರಕಾರ, ಬೊಂಬಾಯಿಯವರು ಜಾಣತನದಿಂದ ನಡೆದುಕೊಂಡಿರಬಹುದು, ಆದರೆ ಬಂಗಾಳದ ಯಾವ ಸರಕಾರಿ ಶಾಲೆಯಲ್ಲೂ ಈ ಹುಡುಗನಿಗೆ ಇಲ್ಲ ಅನ್ನುತ್ತಿರಲಿಲ್ಲ ಎಂದು ಬರೆಯಿತು. 1858ರಲ್ಲಿ ಲಂಡನ್ನಿನಿಂದ ಕಂಪೆನಿಯ ನಿರ್ದೇಶಕರು ಸರಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅನ್ನುವ ತತ್ವವನ್ನು ಒಪ್ಪಿದರು. ಕಾಗದದಲ್ಲಿ ಬಾಗಿಲು ತೆರೆದದ್ದು ಹೀಗೆ. ಊರಲ್ಲಿ ಅದು ಮತ್ತೆ ಎಷ್ಟೋ ದಶಕ ಮುಚ್ಚಿಯೇ ಇತ್ತು. 1882ರ ಹಂಟರ್ ಆಯೋಗವೂ ತತ್ವ ಸರಿ ಅಂತ ಹೇಳಿ, ಒತ್ತಾಯ ಬೇಡ, ಕೆಳಜಾತಿಗಳಿಗೆ ಪ್ರತ್ಯೇಕ ಶಾಲೆಗಳನ್ನು ಪ್ರೋತ್ಸಾಹಿಸಿ ಅಂತ ದಾರಿ ತೋರಿಸಿತು.

ಆ ಪ್ರತ್ಯೇಕ ಶಾಲೆಯ ಕತೆ ನಮ್ಮ ಕರಾವಳಿಯವರಿಗೆ ಗೊತ್ತು. ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು 1892ರಲ್ಲಿ ನಮ್ಮ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಪಾಠ ಮಾಡಲು ಹಿಂದೂ ಮಾಸ್ತರರು ಬರಲಿಲ್ಲ, ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಅವರದೇ ಸಾರಸ್ವತ ಸಮಾಜ ಅವರನ್ನು ಹೊರಗಿಟ್ಟಿತು. ಮಗ್ಗ, ಬಡಗಿ ಕೆಲಸ, ಹಾಸ್ಟೆಲ್ ಎಲ್ಲ ನಡೆಸಿದರು. ಉಡುಪಿ, ಮೂಲ್ಕಿಗೂ ಶಾಲೆ ಬಂತು. ನಮ್ಮ ಸಭೆಗಳಲ್ಲಿ ಯಾವಾಗಲೂ ಹೇಳುವ ಅವರ ಆಸೆ ನಿಮಗೆ ನೆನಪಿರಬಹುದು: ಕಲಿತು ಸರಕಾರಿ ಕೆಲಸಕ್ಕೆ ಸೇರಿದ ನಮ್ಮ ಮಗುವೊಂದು ಕಾರಿನಲ್ಲಿ ಹೋಗಬೇಕು, ಆ ಕಾರಿನ ಚಕ್ರದ ಧೂಳು ತನ್ನ ತಲೆಗೆ ತಾಗಬೇಕು ಅಂತ. ರಂಗರಾಯರ ಮೇಲೆ ನನಗೆ ಗೌರವ ಉಂಟು. ಆದರೂ ಒಂದು ಮಾತು ಹೇಳಬೇಕು. ಅವರ ಶಾಲೆ ಬೇಕಾದದ್ದು ಯಾಕೆ? ಎಲ್ಲರ ಶಾಲೆ ಇದ್ದೂ ಅದರಲ್ಲಿ ನಮಗೆ ಜಾಗ ಇಲ್ಲದ್ದಕ್ಕೆ. ಅದು ಒಳ್ಳೆಯ ಮನಸ್ಸಿನ ಮನುಷ್ಯ ಕಟ್ಟಿದ ಬೇರೆ ಬಾಗಿಲು.

ಈಗ ಘಟ್ಟ ಹತ್ತುವ. ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಮೇಲೆ ಹೋದರೆ ಶೃಂಗೇರಿ. ಆ ಕಡೆ ಆಗ ಮೈಸೂರು ಸಂಸ್ಥಾನ, ನಾವು ಕೆಳಗಿನವರು ಮದ್ರಾಸ್ ಪ್ರಾಂತ್ಯದವರು. 1915ರ ಸುಮಾರಿಗೆ ಶೃಂಗೇರಿಯ ಸರಕಾರಿ ಶಾಲೆಗೆ ಪಂಚಮರ ಮಕ್ಕಳನ್ನು ಸೇರಿಸಿಕೊಂಡರು. ಮಠದ ಊರು, ಹೇಗಿರಬಹುದು ಯೋಚನೆ ಮಾಡಿ. ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದರು. ವಿರೋಧ ದೊಡ್ಡದಾಯಿತು. ಆದರೆ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ ಹಿಂದೆ ಸರಿಯಲಿಲ್ಲ. ಸರಕಾರಿ ಶಾಲೆ ಅಂದ ಮೇಲೆ ಜಾತಿ ನೋಡಿ ಇಲ್ಲ ಅನ್ನುವ ಹಾಗಿಲ್ಲ ಅನ್ನುವುದೇ ಅಲ್ಲಿನ ನೀತಿಯಾಗಿ ನಿಂತಿತು.

ಧಾರವಾಡ ಮತ್ತು ಶೃಂಗೇರಿ, ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಅರವತ್ತು ವರ್ಷದ ಅಂತರ. ಎರಡೂ ಕಡೆ ಇದ್ದ ಬೆದರಿಕೆ ಒಂದೇ: ಇವರು ಬಂದರೆ ನಾವು ಎದ್ದು ಹೋಗುತ್ತೇವೆ. ಧಾರವಾಡದಲ್ಲಿ ಸರಕಾರ ಆ ಬೆದರಿಕೆಗೆ ಹೆದರಿತು, ಹುಡುಗ ಹೊರಗೆ ಉಳಿದ. ಶೃಂಗೇರಿಯಲ್ಲಿ ಹೆದರಲಿಲ್ಲ, ಮಕ್ಕಳು ಒಳಗೆ ಕೂತರು. ಎದ್ದು ಹೋದವರಿಗೆ ಆಗ ಹೋಗಲಿಕ್ಕೆ ಬೇರೆ ಶಾಲೆಗಳು ಹೆಚ್ಚಿರಲಿಲ್ಲ. ಇದು ಮುಖ್ಯ. ಎದ್ದು ಹೋಗುವವನಿಗೆ ಹೋಗುವ ಜಾಗ ಇಲ್ಲದಿದ್ದರೆ ಅವನು ಸ್ವಲ್ಪ ದಿನ ಮುಖ ಊದಿಸಿಕೊಂಡು ತಿರುಗಿ ಬರಲೇಬೇಕು.

ನನ್ನ ಅಪ್ಪ ಶಾಲೆಗೆ ಸೇರಿದ್ದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, 1957ರಲ್ಲಿ. ಸಂವಿಧಾನ ಬಂದು ಏಳು ವರ್ಷ, ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದು ಎರಡು ವರ್ಷ. ಅಪ್ಪನ ಜಾಗ ಜಗಲಿ. ಒಳಗಿನ ಕರಿಹಲಗೆ ಅಲ್ಲಿಂದ ಅರ್ಧ ಕಾಣುತ್ತಿತ್ತಂತೆ. "ಎಡಬದಿ ಬರೆದದ್ದು ಮಾತ್ರ ನನಗೆ ಗೊತ್ತು" ಅಂತ ಅಪ್ಪ ನಗುತ್ತಿದ್ದರು. ಮಗ್ಗಿಯಲ್ಲಿ ಅವರಿಗೆ ಆರರ ತನಕ ಬರುತ್ತದೆ, ಏಳರಿಂದ ಮುಂದಿನದ್ದು ಬಲಬದಿ ಇತ್ತೇನೋ. ನಾಲ್ಕನೇ ಕ್ಲಾಸಿಗೆ ಬಿಟ್ಟರು.

ನಾನು ಸೇರಿದ್ದು 1986ರಲ್ಲಿ, ಅದೇ ಶಾಲೆಗೆ. ನಾನು ಬೆಂಚಿನಲ್ಲಿ ಕೂತೆ. ಒಂದು ಕಡೆ ಗುತ್ತಿನ ಮನೆಯ ಹುಡುಗ, ಇನ್ನೊಂದು ಕಡೆ ಅಂಗಡಿಯವರ ಮಗ. ಮಾಸ್ತರರ ಮಗಳೂ ನಮ್ಮ ಕ್ಲಾಸೇ. ಎಲ್ಲರಿಗೂ ಅದೇ ಸಜ್ಜಿಗೆ. ಅವಮಾನ ಇರಲಿಲ್ಲ ಅಂತಲ್ಲ. ನೀರಿನ ಕೊಡಪಾನದ ಹತ್ತಿರ ನಾನು ಕೈ ಒಡ್ಡಿ ನಿಲ್ಲಬೇಕಿತ್ತು, ಬೇರೆಯವರು ಎತ್ತಿ ಹೊಯ್ಯುತ್ತಿದ್ದರು. ಆದರೂ ಒಂದು ಗ್ಯಾರಂಟಿ ಇತ್ತು. ಮಾಡು ಸೋರಿದರೆ ಗುತ್ತಿನ ಯಜಮಾನರ ಮಗನ ತಲೆಗೂ ನೀರು ಬೀಳುತ್ತಿತ್ತು. ಹಾಗಾಗಿ ಒಂದೇ ವಾರದಲ್ಲಿ ಹಂಚು ಬರುತ್ತಿತ್ತು. ಮಾಸ್ತರರು ಮೂರು ದಿನ ಬಾರದಿದ್ದರೆ ಯಾರೋ ಒಬ್ಬರು ಬಿಇಒ ಆಫೀಸಿಗೆ ಹೋಗುತ್ತಿದ್ದರು, ಅವರಿಗೆ ಅಲ್ಲಿ ಕುರ್ಚಿ ಸಿಗುತ್ತಿತ್ತು.

ನನ್ನ ತಲೆಮಾರಿನ ನಂತರ ಅವರೆಲ್ಲ ಹೋದರು. ಈ ಸಲ ಗಲಾಟೆ ಇಲ್ಲ, ಮನವಿ ಇಲ್ಲ. ಹಳದಿ ಬಸ್ಸು ಬಂತು, ಹತ್ತಿ ಹೋದರು. ನಮ್ಮ ಜಿಲ್ಲೆಗೆ ಖಾಸಗಿ ಶಿಕ್ಷಣ ಹೊಸತಲ್ಲ. ಮಣಿಪಾಲದಲ್ಲಿ 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1953ರಲ್ಲಿ ಕೆಎಂಸಿ, ದೇಶದ ಮೊದಲ ಖಾಸಗಿ ಮೆಡಿಕಲ್ ಕಾಲೇಜು. ದುಡ್ಡು ಕೊಟ್ಟು ಕಲಿಯುವುದು ಮೊದಲು ಡಾಕ್ಟರ್, ಇಂಜಿನಿಯರ್ ಆಗುವವರಿಗೆ ಇತ್ತು. ಮತ್ತೆ ಹೈಸ್ಕೂಲಿಗೆ ಇಳಿಯಿತು, ಮತ್ತೆ ಎಲ್‌ಕೆಜಿಗೆ. ಹೋದವರೆಲ್ಲ ಜಾತಿ ನೋಡಿ ಹೋದರು ಅಂತ ನಾನು ಹೇಳುವುದಿಲ್ಲ. ಇಂಗ್ಲಿಷಿಗೆ ಹೋದರು, ಎಲ್ಲರೂ ಹೋಗುತ್ತಾರೆ ಅಂತ ಹೋದರು. ಫಲ ಮಾತ್ರ ಧಾರವಾಡದವರು ಹೆದರಿದ್ದೇ ಆಯಿತು.

ಕೆಲವು ಕಡೆ ಈಗಲೂ ಹಳೇ ರೀತಿಯಲ್ಲೇ ಹೋಗುತ್ತಾರೆ. 2025ರ ಜೂನ್‌ನಲ್ಲಿ ಚಾಮರಾಜನಗರದ ಹೊಮ್ಮ ಗ್ರಾಮದ ಸರಕಾರಿ ಶಾಲೆ ಸುದ್ದಿಯಾಯಿತಲ್ಲ? ಬಿಸಿಯೂಟಕ್ಕೆ ದಲಿತ ಮಹಿಳೆಯನ್ನು ಮುಖ್ಯ ಅಡುಗೆಯವರಾಗಿ ನೇಮಿಸಿದ ಮೇಲೆ 22 ಮಕ್ಕಳಿದ್ದ ಶಾಲೆಯಲ್ಲಿ ಪೋಷಕರು ಟಿ.ಸಿ. ತೆಗೆದುಕೊಂಡು ಹೋಗಿ ಒಂದೇ ಮಗು ಉಳಿಯಿತು ಅಂತ ಪತ್ರಿಕೆಗಳು ಬರೆದವು. ಅಧಿಕಾರಿಗಳ ಮುಂದೆ ಕೆಲವರು ಶಿಕ್ಷಣದ ಗುಣಮಟ್ಟ ಸರಿ ಇಲ್ಲ ಅಂತ ಕಾರಣ ಕೊಟ್ಟರಂತೆ. ಗುಣಮಟ್ಟ ಅನ್ನುವ ಶಬ್ದ ಎಷ್ಟು ಉಪಯೋಗದ್ದು ನೋಡಿ!

ಕಾನೂನಿನ ಕಡೆಯೂ ಸ್ವಲ್ಪ ಹೇಳ್ತೇನೆ, ಬೇಸರ ಮಾಡ್ಬೇಡಿ. ಸಂವಿಧಾನದ 29(2)ನೇ ವಿಧಿ ಜಾತಿಯ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದು ಅನ್ನುತ್ತದೆ, ಸರಕಾರ ನಡೆಸುವ ಅಥವಾ ಸರಕಾರದ ಅನುದಾನ ಪಡೆಯುವ ಸಂಸ್ಥೆಗಳಿಗೆ. ಅನುದಾನ ಇಲ್ಲದ ಖಾಸಗಿಯವರು ಅದರ ಹೊರಗೆ. 1966ರಲ್ಲಿ ಕೊಠಾರಿ ಆಯೋಗ ಸಮಾನ ಶಾಲೆ ಬೇಕು, ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಗೆ ಹೋಗಬೇಕು ಅಂತ ವರದಿ ಕೊಟ್ಟಿತು, ಅದು ಕಪಾಟಿನಲ್ಲಿ ಉಳಿಯಿತು. 2009ರ ಆರ್‌ಟಿಇ ಕಾಯ್ದೆಯಲ್ಲಿ ಸಿಕ್ಕಿದ್ದು ಖಾಸಗಿ ಶಾಲೆಯ ನೂರಕ್ಕೆ 25 ಸೀಟು. ನಮ್ಮ ರಾಜ್ಯದಲ್ಲಿ 2012ರಿಂದ ನಮ್ಮವರ ಮಕ್ಕಳು ಆ ಸೀಟುಗಳಿಗೆ ಹೋದರು. 2019ರ ಆರಂಭದಲ್ಲಿ ಸರಕಾರ ನಿಯಮ ತಿದ್ದಿತು: ಹತ್ತಿರ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಸೀಟಿಲ್ಲ. ಹೈಕೋರ್ಟೂ ಅದನ್ನು ಎತ್ತಿ ಹಿಡಿಯಿತು. ಒಂದೂವರೆ ಲಕ್ಷದಷ್ಟಿದ್ದ ಸೀಟು ಮರುವರ್ಷ ಅದರ ಸಣ್ಣದೊಂದು ಪಾಲಿಗೆ ಇಳಿಯಿತು. ಸರಕಾರಿ ಶಾಲೆ ಉಳಿಸಲಿಕ್ಕೆ ಈ ತಿದ್ದುಪಡಿ ಅಂದರು. ಅಂದರೆ ಸರಕಾರಿ ಶಾಲೆ ಉಳಿಸುವ ಕೆಲಸ ಬಡವರ ಮಕ್ಕಳದ್ದು. ಅದೇ ಹೊತ್ತಿಗೆ ಅಧಿಕಾರಿಗಳ ಮಕ್ಕಳ ಬಗ್ಗೆ ಯಾವ ನಿಯಮವೂ ಬರಲಿಲ್ಲ. 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟು, ಸರಕಾರದ ಸಂಬಳ ತಿನ್ನುವವರು ತಮ್ಮ ಮಕ್ಕಳನ್ನು ಸರಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ಮಾಡಿ ಎಂದು ಉತ್ತರ ಪ್ರದೇಶ ಸರಕಾರಕ್ಕೆ ಹೇಳಿತ್ತು. ಆ ಆದೇಶವನ್ನು ಪ್ರಿಂಟ್ ತೆಗೆದು ನಮ್ಮ ಆಫೀಸಿನಲ್ಲಿ ಓದಿ ಹೇಳಿದಾಗ ಎಲ್ಲರೂ ಜೋರು ನಕ್ಕರು.

ಇಷ್ಟು ಇತಿಹಾಸ ನಾನು ಮನೆಯಲ್ಲಿ ಒಂದು ರಾತ್ರಿ ಹೇಳಿದೆ. ಹೆಂಡತಿ ಪೂರ್ತಿ ಕೇಳಿದಳು. ಅವಳೂ ಪಿಯುಸಿ ಓದಿದವಳು, ಸರಕಾರಿ ಶಾಲೆಯವಳೇ. ಕೇಳಿ ಆದ ಮೇಲೆ ಹೇಳಿದಳು:

"ನೀವು ಹೇಳಿದ್ದೆಲ್ಲ ಸರಿ. ಅವರು ಎದ್ದು ಹೋದರು, ಶಾಲೆ ನಮಗೆ ಬಿಟ್ಟು ಹೋದರು. ಅದಕ್ಕೆ ನನ್ನ ಮಗಳು ಅಲ್ಲಿ ಕಾವಲು ಕೂರಬೇಕಾ? ನಿಮ್ಮ ಸಂಘಟನೆಯ ಬೋರ್ಡು ಮಾಡ್ಬೇಡಿ ಅವಳನ್ನು. ಪಿಯುಸಿ ಸೈನ್ಸಿನಲ್ಲಿ ಇಂಗ್ಲಿಷ್ ಗೊತ್ತಾಗದೆ ನಾನು ಅತ್ತದ್ದು ನಿಮ್ಮ ಯಾವ ಪುಸ್ತಕದಲ್ಲಿಯೂ ಇಲ್ಲ."

ಉತ್ತರ ಇರಲಿಲ್ಲ ನನ್ನ ಹತ್ತಿರ. ಈಗಲೂ ಪೂರ್ತಿ ಇಲ್ಲ.

ಯಾಕೆಂದರೆ ಭಾಷೆಯ ವಿಷಯದಲ್ಲಿ ನಾನು ಅವಳ ಪಕ್ಷವೇ. 2019ರಲ್ಲಿ ರಾಜ್ಯದ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ಶುರು ಮಾಡಿದಾಗ ದೊಡ್ಡ ದೊಡ್ಡ ಸಾಹಿತಿಗಳು ಕನ್ನಡ ಸಾಯುತ್ತದೆ ಅಂತ ವಿರೋಧಿಸಿದರು. ಮಾತೃಭಾಷೆ, ಮಾತೃಭಾಷೆ ಅಂದರು. ನಮ್ಮ ಮನೆಯ ಮಾತು ತುಳು ಮಾರಾಯ್ರೆ! ನನಗೆ ಶಾಲೆಯ ಕನ್ನಡವೂ ಕಲಿತ ಭಾಷೆಯೇ. ಅದನ್ನು ಕಲಿತೆ, ಅದರಲ್ಲೇ ಈಗ ಬರೀತಾ ಇದ್ದೇನೆ, ಪ್ರೀತಿಯೂ ಉಂಟು. ಒಂದು ಕಲಿತವರಿಗೆ ಇನ್ನೊಂದು ಕಲಿಯಲಿಕ್ಕೆ ಆಗುವುದಿಲ್ಲವಾ? 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮ ಆರಿಸುವ ಹಕ್ಕು ಪೋಷಕರದ್ದು ಅಂದಾಗ ಅದರ ಲಾಭ ಆದದ್ದು ಫೀಸು ಕಟ್ಟಲು ತಾಕತ್ತಿದ್ದವರಿಗೆ. ದುಡ್ಡಿಲ್ಲದ ಪೋಷಕರ ಆಯ್ಕೆಗೆ ಆ ಸಾವಿರ ಶಾಲೆಗಳು ಒಂದು ಸಣ್ಣ ಬಾಗಿಲು.

ಇಬ್ಬರೂ ಎರಡೂ ಕಡೆ ಹೋಗಿ ನೋಡುವ ಅಂತ ತೀರ್ಮಾನ ಆಯಿತು. ರಜೆ ಹಾಕಿದೆ.

ಮೊದಲು ಒಂದು ಖಾಸಗಿ ಶಾಲೆ. ಹೆಸರು ಬೇಡ. ಕಟ್ಟಡ ಚಂದ, ಟೈಲ್ಸು, ಮೀನಿನ ಗಾಜಿನ ತೊಟ್ಟಿ. ಮಗಳು ಮೀನು ನೋಡುತ್ತಾ ನಿಂತಳು. ಫೀಸು, ಬಸ್ಸು, ಯೂನಿಫಾರ್ಮು, ಪುಸ್ತಕ ಎಲ್ಲ ಸೇರಿದರೆ ನನ್ನ ಎರಡೂವರೆ ತಿಂಗಳ ಸಂಬಳ. ಅದು ಹೇಗಾದರೂ ಆಗುತ್ತಿತ್ತು, ಸೊಸೈಟಿ ಸಾಲ ಉಂಟು. ಅರ್ಜಿಯಲ್ಲಿ ಜಾತಿ ಕಾಲಂ ಇತ್ತು, ತುಂಬಿಸಿದೆ. ಕೌಂಟರಿನಲ್ಲಿದ್ದವರು ಓದಿದರು. ಮತ್ತೆ ಬಹಳ ವಿನಯದಿಂದ, "ಮನೆಯಲ್ಲಿ ಹೋಂವರ್ಕ್ ಮಾಡಿಸ್ಲಿಕ್ಕೆ ಯಾರಾದ್ರೂ ಇದ್ದಾರಾ ಸರ್? ಇಲ್ಲಿ ಮಗುವಿಗೆ ಕಷ್ಟ ಆಗಬಾರದು, ಅದಕ್ಕೆ ಕೇಳಿದ್ದು" ಅಂದರು. ನನ್ನ ಮುಂದೆ ಇದ್ದವರಿಗೆ ಆ ಪ್ರಶ್ನೆ ಕೇಳಿದ್ದು ನನಗೆ ಕೇಳಿಸಲಿಲ್ಲ. ನನ್ನ ಕಿವಿಯ ದೋಷವೂ ಇರಬಹುದು. ಹೆಂಡತಿ ನನ್ನ ಮುಖ ನೋಡಿದಳು. "ನಾನು ಇದ್ದೇನೆ" ಅಂದಳು ಅವರಿಗೆ.

ಮತ್ತೆ ಸರಕಾರಿ ಶಾಲೆಗೆ ಹೋದೆವು. ಹೆಡ್ ಮೇಡಂ ಒಬ್ಬರೇ ಇದ್ದರು, ಪಠ್ಯಪುಸ್ತಕದ ಲೆಕ್ಕ ಬರೀತಾ ಇದ್ದರು. ಒಂದನೇ ಕ್ಲಾಸಿಗೆ ಆ ದಿನಕ್ಕೆ ಬಂದ ಹೆಸರು ಹನ್ನೊಂದು. ಯಾರ್ಯಾರ ಮಕ್ಕಳು ಅಂತ ಕೇಳಿದೆ. ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು ಐದು. ಕೊರಗರ ಎರಡು ಮಕ್ಕಳು. ಉಳಿದದ್ದು ಹತ್ತಿರದ ಮನೆಗಳದ್ದು. ಬೀಡಿ ಕಟ್ಟುವ ಅಮ್ಮಂದಿರ, ರಿಕ್ಷಾದವರ ಮಕ್ಕಳು. ಇಂಗ್ಲಿಷ್ ಎಂತ ಕತೆ ಅಂತ ಹೆಂಡತಿ ನೇರ ಕೇಳಿದಳು. ಮೇಡಂ ಸುಳ್ಳು ಹೇಳಲಿಲ್ಲ. "ಒಂದರಿಂದಲೇ ಕಲಿಸ್ತೇವೆ ಅಮ್ಮ. ಒಬ್ಬರು ಟೀಚರ್ ಚೆನ್ನಾಗಿ ಮಾಡ್ತಾರೆ. ಆದರೆ ಒಂದು ಹುದ್ದೆ ಖಾಲಿ ಉಂಟು. ಅತಿಥಿ ಶಿಕ್ಷಕರು ಬರುವಾಗ ಜೂನ್ ಕಳೀತದೆ. ನೀವು ಕೇಳಿದ್ರೆ ಒಳ್ಳೇದು. ಇಲ್ಲಿ ಯಾರೂ ಕೇಳುದಿಲ್ಲ."

ಯಾರೂ ಕೇಳುದಿಲ್ಲ. ಈ ಮಾತು ನನ್ನ ಹೆಂಡತಿಗೆ ತಾಗಿತು, ನನ್ನ ಧಾರವಾಡ, ಶೃಂಗೇರಿ ಯಾವುದೂ ತಾಗಿರಲಿಲ್ಲ. ಕೇಳುವವರೆಲ್ಲ ಹಳದಿ ಬಸ್ಸು ಹತ್ತಿ ಹೋದ ಮೇಲೆ ಉಳಿದವರಿಗೆ ಕೇಳಲಿಕ್ಕೆ ಪುರುಸೊತ್ತಿಲ್ಲ, ಒಂದು ದಿನ ಕೇಳಲಿಕ್ಕೆ ಹೋದರೆ ಆ ದಿನದ ಕೂಲಿ ಹೋಯಿತು.

ಹೊರಗೆ ಬಂದು ನೇರಳೆ ಮರದ ಅಡಿ ಬಹಳ ಹೊತ್ತು ನಿಂತೆವು. ಅವಳು ಷರತ್ತು ಹಾಕಿದಳು. ಎರಡನೇ ಕ್ಲಾಸು ಮುಗಿಯುವಾಗ ಮಗಳು ಇಂಗ್ಲಿಷ್ ಪುಸ್ತಕ ತಾನೇ ಓದಬೇಕು. ಓದದಿದ್ದರೆ ತೆಗೆದು ಬೇರೆ ಕಡೆ ಹಾಕುವುದು, ಆಗ ನಾನು ಭಾಷಣ ಮಾಡಬಾರದು. ಒಪ್ಪಿದೆ. ಆರನೇ ಕ್ಲಾಸಿಗೆ ಮೊರಾರ್ಜಿ ವಸತಿ ಶಾಲೆಯ ಪರೀಕ್ಷೆ ಬರೆಸುವ ಅಂತಲೂ ಒಂದು ಮಾತು ಆಗಿದೆ, ಅದು ಆಮೇಲಿನದ್ದು.

ಒಂದು ಸ್ಪಷ್ಟನೆ. ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವ ನಮ್ಮ ಸಂಗಾತಿಗಳನ್ನು ಬೈಯಲಿಕ್ಕೆ ಇದನ್ನು ಬರೆದದ್ದಲ್ಲ. ಇನ್ನೂರು ವರ್ಷ ಹೊರಗೆ ನಿಲ್ಲಿಸಿದವರು ನಮ್ಮ ಮಕ್ಕಳ ಮೂಲಕವೇ ಸರಕಾರಿ ಶಾಲೆ ಉಳಿಯಲಿ ಅಂತ ಹೇಳುವುದು ನನಗೂ ಸಿಟ್ಟು ಬರಿಸುತ್ತದೆ. ಸಾಲ ಮಾಡಿ ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ ನಮ್ಮ ಕಾಲನಿಯ ತಾಯಿಗೆ ನಾನು ಯಾವತ್ತೂ ಪಾಠ ಹೇಳುವುದಿಲ್ಲ. ಆಯ್ಕೆ ಮಾಡುವಾಗ ನಮ್ಮ ಮುಂದೆ ಇರುವ ಎರಡು ಬಾಗಿಲು ಎಲ್ಲಿಂದ ಬಂದವು ಅಂತ ಗೊತ್ತಿರಲಿ ಅಂತ ಮಾತ್ರ.

ಈಗ ಕೆಲಸದ ವಿಷಯ. ಆರ್‌ಟಿಇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆ ತಾಯಿಗಳೇ ಇರಬೇಕು, ಅರ್ಧದಷ್ಟು ಮಹಿಳೆಯರು, ಹಿಂದುಳಿದ ಗುಂಪುಗಳಿಗೆ ಮಕ್ಕಳ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ. ಅದೇ ನಮ್ಮಲ್ಲಿ ಎಸ್‌ಡಿಎಂಸಿ. ಹೆಂಡತಿ ಈ ಸಲ ಹೆಸರು ಕೊಡುತ್ತಾಳೆ. ಖಾಲಿ ಹುದ್ದೆಯ ಬಗ್ಗೆ ಬಿಇಒ ಅವರಿಗೆ ಮೊದಲ ಅರ್ಜಿ ನಿನ್ನೆ ರಾತ್ರಿ ಬರೆದಿಟ್ಟಿದ್ದೇನೆ, ಸೋಮವಾರ ಮುದ್ದಾಂ ಕೊಟ್ಟು ಹಿಂಬರಹ ತೆಗೆದುಕೊಳ್ಳುವುದು. ಕಾರ್ಕಳ, ಹೆಬ್ರಿ ಕಡೆಯವರು ನಿಮ್ಮ ಮಕ್ಕಳ ಸರಕಾರಿ ಶಾಲೆಯಲ್ಲೂ ಹುದ್ದೆ ಖಾಲಿ ಇದ್ದರೆ ಶಾಲೆಯ ಹೆಸರು, ಎಷ್ಟು ಮಕ್ಕಳು, ಎಷ್ಟು ಸಮಯದಿಂದ ಖಾಲಿ, ಇಷ್ಟು ಮೆಸೇಜ್ ಮಾಡಿ. ಅರ್ಜಿ ನಾನು ಬರೆದು ಕೊಡ್ತೇನೆ, ಸಹಿ ನೀವು ಹಾಕಿ. ಟೈಪಿಂಗ್ ಚಾರ್ಜ್ ಇಲ್ಲ.